ದೃಷ್ಟಿ ತಾಗಿದ ತುಣುಕುಗಳು

ಚಿಮಟದಕ್ಕ ಏನು ಕೆಲಸ ಮಾಡುತ್ತಾಳೆ ಎಂದು ಇನ್ನೊಬ್ಬರಿಗೆ ಹೇಳಿ ಅರ್ಥ ಮಾಡಿಸಲು ಅವಳ ಗಂಡನಿಗೆ ಇಪ್ಪತ್ತೆರಡು ವರ್ಷದಿಂದಲೂ ಆಗಿಲ್ಲ. ಬೀಗ ರಿಪೇರಿ ಅಂಗಡಿಯಲ್ಲಿ ಕೂತು ಊರ ಸುದ್ದಿಯನ್ನೆಲ್ಲ ಗಿರಾಕಿಗಳಿಗೆ ಬಿಡಿಸಿ ಬಿಡಿಸಿ ಹೇಳುವ ಆ ಮನುಷ್ಯ, ಹೆಂಡತಿಯ ಕೆಲಸ ಏನೆಂದು ಯಾರಾದರೂ ಕೇಳಿದರೆ 'ಲ್ಯಾಬಲ್ಲಿ' ಎಂದಷ್ಟೇ ಹೇಳಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಾನೆ. ಅವಳ ಅತ್ತೆಗೆ ಆ ತೊಂದರೆ ಇಲ್ಲ. 'ನಮ್ಮ ಸೊಸೆ ಕೂದಲು ಸೀಳ್ತಾಳೆ. ಊರವರೆಲ್ಲ ಪುಕ್ಕಟೆ ಮಾಡೋ ಕೆಲಸಕ್ಕೆ ಇವಳಿಗೆ ಸಂಬಳ ಕೊಡ್ತಾರೆ' ಎಂದು ಅವರು ಎದುರು ಮನೆಯವರಿಗೆ ಹೇಳಿದ್ದು ಇಡೀ ಬೀದಿಗೆ ಬಾಯಿಪಾಠವಾಗಿದೆ.

ಅತ್ತೆ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಒಂದು ಕೂದಲನ್ನು ಉದ್ದಕ್ಕೆ ಸಾವಿರ ಸೀಳು ಮಾಡಿದರೆ ಒಂದೊಂದು ಸೀಳು ಎಷ್ಟು ತೆಳ್ಳಗಿದ್ದೀತೋ ಅಷ್ಟು ತೆಳ್ಳನೆಯ ಇಂಗಾಲದ ಎಳೆಗಳು ಚಿಮಟದಕ್ಕನ ಮೇಜಿಗೆ ಬರುತ್ತವೆ. ಅವನ್ನು ಜೇನಿನಷ್ಟು ಮಂದವಾದ ಅಂಟಿನಲ್ಲಿ ಹುದುಗಿಸಿ, ಬಿಸಿ ಪೆಟ್ಟಿಗೆಯಲ್ಲಿಟ್ಟು ಗಟ್ಟಿ ಮಾಡಿ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ತುಣುಕಾಗಿ ಕತ್ತರಿಸಿ, ಆ ತುಣುಕನ್ನು ಲಂಬವಾಗಿ ನಿಲ್ಲಿಸಿ ತಲೆಯ ಮೇಲೆ ಒತ್ತುವುದು ಅವಳ ಕೆಲಸ. ಒತ್ತಿದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಮನೆಯ ಪೊರಕೆಯಿಂದ ಒಂದು ಕಡ್ಡಿ ಕಿತ್ತು ನಿಲ್ಲಿಸಿ, ಅದರ ತಲೆಯನ್ನು ಬೆರಳಿನಿಂದ ಒತ್ತಿ ನೋಡಿ. ಮೊದಲು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಆಮೇಲೆ ಒಮ್ಮೆಲೇ ಪಕ್ಕಕ್ಕೆ ಬಳುಕುತ್ತದೆ. ಬೆರಳು ತೆಗೆದರೆ ಮತ್ತೆ ನೆಟ್ಟಗಾಗುತ್ತದೆ. ಬಿಡದೆ ಇನ್ನೂ ಒತ್ತಿದರೆ ಮುರಿಯುತ್ತದೆ. ಎಷ್ಟು ಒತ್ತಿದರೆ ಬಳುಕುತ್ತದೆ, ಎಷ್ಟರವರೆಗೆ ವಾಪಸು ಬರುತ್ತದೆ ಎನ್ನುವ ಲೆಕ್ಕ ಸಿಕ್ಕರೆ ಮುಂದೆ ಆ ವಸ್ತುವಿನಿಂದ ಹಗುರವಾದ ಹಾಳೆ ಮಾಡಿ ವಿಮಾನದ ರೆಕ್ಕೆಗೋ ಕೃತಕ ಕಾಲಿಗೋ ಹಾಕಬಹುದು. ಪೊರಕೆ ಕಡ್ಡಿಗೆ ಮೂರು ಸೆಕೆಂಡು ಸಾಕು. ಚಿಮಟದಕ್ಕನ ತುಣುಕಿಗೆ ಮೂರು ದಿನ ಬೇಕು.

ಚಿಮಟ ಹಿಡಿಯುವುದನ್ನು ಅವಳು ಕಲಿತದ್ದು ಅಪ್ಪನ ಗಡಿಯಾರ ರಿಪೇರಿ ಅಂಗಡಿಯಲ್ಲಿ. ಹನ್ನೆರಡನೇ ವಯಸ್ಸಿಗೇ ಹೆಂಗಸರ ಕೈಗಡಿಯಾರದ ಚಕ್ರಗಳನ್ನು ಉಸಿರು ಹಿಡಿದು ಎತ್ತಿಡುತ್ತಿದ್ದಳು. ಜನ ಮೊಬೈಲಿನಲ್ಲಿ ಹೊತ್ತು ನೋಡತೊಡಗಿದ ಮೇಲೆ ಅಂಗಡಿ ಮುಚ್ಚಿತು, ಅವಳು ಲ್ಯಾಬಿನಲ್ಲಿ ಗಾಜು ತೊಳೆಯುವ ಕೆಲಸಕ್ಕೆ ಸೇರಿದಳು. ಒಂದು ದಿನ ಅಲ್ಲಿನ ಮುಖ್ಯಸ್ಥರ ಕೈಯಿಂದ ಜಾರಿ ನೆಲದ ಸಂದಿಗೆ ಬಿದ್ದ, ತುಣುಕು ಒತ್ತುವ ವಜ್ರದ ಮೊನೆಯೊಂದನ್ನು, ಇಬ್ಬರು ಡಾಕ್ಟರೇಟಿನವರು ಹುಡುಕಿ ಕೈಚೆಲ್ಲಿದ ಮೇಲೆ, ಅವಳು ಒಂದೇ ಸಲಕ್ಕೆ ಎತ್ತಿಕೊಟ್ಟಳು. ಮರುದಿನದಿಂದ ಅವಳಿಗೆ ಮೇಜು ಸಿಕ್ಕಿತು, ಹೆಸರೂ ಬಿತ್ತು. ಚಿಮಟವೂ ದಪ್ಪವಾಗುವ ಕಡೆ ಅವಳು ಬಳಸುವುದು ರೆಪ್ಪೆಗೂದಲನ್ನು. ಕತ್ತರಿಸಿದ ತುಣುಕುಗಳು ನೀರಿನ ಮೇಲೆ ತೇಲುತ್ತವೆ, ಅವನ್ನು ಕಡ್ಡಿಯ ತುದಿಗೆ ಅಂಟಿಸಿದ ಒಂದು ರೆಪ್ಪೆಗೂದಲಿನಿಂದ ಮೆಲ್ಲಗೆ ನೂಕಿ ದಡ ಸೇರಿಸಬೇಕು. ಅವಳ ಅನುಭವದಲ್ಲಿ ಅತ್ತೆಯ ರೆಪ್ಪೆಗೂದಲಿಗೆ ಸಮ ಇನ್ನೊಂದಿಲ್ಲ. ಉದುರಿದ್ದನ್ನು ಅತ್ತೆ ಬೆಂಕಿಪೊಟ್ಟಣದಲ್ಲಿ ಕೂಡಿಡುತ್ತಾರೆ, ಕೊಡುವಾಗ ಮಾತ್ರ ಪ್ರತಿ ಸಲವೂ 'ನನ್ನನ್ನ ಬೋಳಿಸೇ ಬಿಡ್ತೀಯ ಕಣೇ' ಎನ್ನುತ್ತಾರೆ.

ಈ ಎಳೆಯ ಕೆಲಸ ಶುರುವಾಗಿ ಐದು ವರ್ಷ. ಇಷ್ಟು ಸಣ್ಣದನ್ನು ತೋರಿಸುವುದಕ್ಕೆ ಮಾಮೂಲಿ ಬೆಳಕು ಸಾಲದು. ಬೀರುವಿನಷ್ಟು ದೊಡ್ಡ ಯಂತ್ರವೊಂದು ತುಣುಕಿನ ಮೇಲೆ ಎಲೆಕ್ಟ್ರಾನಿನ ಕಿರಣ ಬಿಟ್ಟು ಪರದೆಯ ಮೇಲೆ ಚಿತ್ರ ಮೂಡಿಸುತ್ತದೆ. ಮೊದಲ ಎರಡು ವರ್ಷ ಆಗಿನ ಮುಖ್ಯಸ್ಥರೂ ಅವಳೂ ಕಿರಣ ಹಚ್ಚಿಕೊಂಡೇ ಒತ್ತಿದರು. ತುಣುಕು ಬಳುಕುವುದನ್ನು ಸಿನಿಮಾ ನೋಡಿದ ಹಾಗೆ ನೋಡಿದರು. ಹೆಚ್ಚಿನವು ಬಳುಕುವ ಮೊದಲೇ ಮುರಿದವು. ವಸ್ತುವೇ ಪೆಡಸು ಎಂದು ಹಳೆಯ ಮುಖ್ಯಸ್ಥರು ಲೇಖನ ಬರೆದರು. ಆ ಲೇಖನದ ಕೊನೆಯಲ್ಲಿ ಕೃತಜ್ಞತೆ ಹೇಳುವ ಸಾಲಿನಲ್ಲಿ ಅವಳ ಹೆಸರು ಅಚ್ಚಾಯಿತು. ಗಂಡ ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ಬೀಗದ ಕೈಗಳ ಸಾಲಿನ ಪಕ್ಕ ತೂಗುಹಾಕಿದ.

ಮೂರನೇ ವರ್ಷ ಒಂದು ಮಧ್ಯಾಹ್ನ, ಅರ್ಧ ಒತ್ತಿದ್ದಾಗ ಕಿರಣ ಆರಿಹೋಯಿತು. ಯಾವುದೋ ತಂತಿ ಸಡಿಲವಾಗಿತ್ತು. ಚಿಮಟದಕ್ಕ ಕೈ ಬಿಡಲಿಲ್ಲ. ಕತ್ತಲೆಯಲ್ಲೇ ಒತ್ತುವುದನ್ನು ಮುಗಿಸಿದಳು, ಮೊನೆಯನ್ನು ಎತ್ತಿದಳು. ಒತ್ತಡ ಅಳೆಯುವ ಗೆರೆ ಮಾತ್ರ ಇನ್ನೊಂದು ಪರದೆಯಲ್ಲಿ ಮೂಡುತ್ತಿತ್ತು. ಅದು ಏರಿ, ಬಳುಕಿದಲ್ಲಿ ಮಟ್ಟಸವಾಗಿ ಸಾಗಿ, ಹೋದ ದಾರಿಯಲ್ಲೇ ಹಿಂದಿರುಗಿ ಸೊನ್ನೆಗೆ ಬಂದು ನಿಂತಿತು. ಕಿರಣ ಹತ್ತಿದ ಮೇಲೆ ನೋಡಿದರೆ ತುಣುಕು ಏನೂ ಆಗದವರ ಹಾಗೆ ನೆಟ್ಟಗೆ ನಿಂತಿತ್ತು. ಅದೇ ಅಂಟಿನ ಇನ್ನೊಂದು ತುಣುಕನ್ನು ಕಿರಣ ಹಚ್ಚಿ ನೋಡುತ್ತ ಒತ್ತಿದಳು. ಪಟ್ಟನೆ ಮುರಿಯಿತು.

'ಸರ್, ನಾವು ನೋಡೋದು ಜಾಸ್ತಿಯಾಯ್ತು. ದೃಷ್ಟಿ ತಾಗ್ತಿದೆ' ಎಂದು ಅವಳು ಹೇಳಿದಳು. ಹಳೆಯ ಮುಖ್ಯಸ್ಥರು ಹೊಟ್ಟೆ ಹಿಡಿದುಕೊಂಡು ನಕ್ಕರು. 'ಇರಬಹುದಮ್ಮ, ಕಿರಣ ಬಿದ್ದೂ ಬಿದ್ದೂ ಅಂಟು ಗಟ್ಟಿಯಾಗ್ತಿರಬಹುದು. ಯಾವುದಕ್ಕೆ ತಾಗಿದೆ ಅಂತ ಅನ್ನಿಸುತ್ತೋ ಅದರ ಮುಂದೆ ಹಾಗೇ ಬರೆದಿಡು, ಆಮೇಲೆ ನೋಡೋಣ' ಎಂದರು. ಅಂದಿನಿಂದ ಅವಳು ಸಾಧ್ಯವಾದಷ್ಟನ್ನು ಕಿರಣ ಆರಿಸಿ ಒತ್ತತೊಡಗಿದಳು. ಯಾರಾದರೂ ಚಿತ್ರ ಬೇಕೇ ಬೇಕೆಂದು ಹಟ ಹಿಡಿದು ಬಹಳ ಹೊತ್ತು ನೋಡಿದ ತುಣುಕಿನ ಮುಂದೆ ರಿಜಿಸ್ಟರಿನ ಷರಾ ಅಂಕಣದಲ್ಲಿ ತನ್ನ ಗುಂಡು ಅಕ್ಷರದಲ್ಲಿ 'ದೃಷ್ಟಿ ತಾಗಿದೆ' ಎಂದು ಬರೆದಳು. ಮುಖ್ಯಸ್ಥರು ಆಮೇಲೆ ನೋಡಲಿಲ್ಲ. ನಿವೃತ್ತರಾಗಿ ಹೋದರು. ದೊಡ್ಡವರ 'ಆಮೇಲೆ' ಎಂಬ ಮಾತನ್ನು ನಂಬಿ ಕೆಟ್ಟವರಲ್ಲಿ ಚಿಮಟದಕ್ಕ ಮೊದಲಿನವಳೇನೂ ಅಲ್ಲ.

ಹೊಸ ಮುಖ್ಯಸ್ಥೆ ಬಂದರು. ಚುರುಕಾದ ಹೆಂಗಸು, ಕೆಲಸದಲ್ಲಿ ಅಚ್ಚುಕಟ್ಟು, ಮಾತಿನಲ್ಲಿ ಖಾರ. ಕಣ್ಣಾರೆ ಕಾಣದ್ದು ಪ್ರಯೋಗವೇ ಅಲ್ಲ, ಇನ್ನು ಮುಂದೆ ಪ್ರತಿ ತುಣುಕಿಗೂ ವಿಡಿಯೋ ಇರಬೇಕು ಎಂದು ಮೊದಲ ವಾರವೇ ಕಟ್ಟಳೆ ಮಾಡಿದರು. ಆಮೇಲೆ ತುಣುಕುಗಳು ಒಂದರ ಹಿಂದೆ ಒಂದು ಮುರಿಯತೊಡಗಿದವು. ಇಷ್ಟು ಬೇಗ ಮುರಿಯಬೇಕಾದರೆ ತುಣುಕು ನಿಲ್ಲಿಸಿದ್ದೇ ಸೊಟ್ಟಗಿರಬೇಕು ಎಂದು ಅವರು ತೀರ್ಮಾನಿಸಿದರು. ನಿಲ್ಲಿಸುವವಳು ಚಿಮಟದಕ್ಕ. ರಿಜಿಸ್ಟರು ತರಿಸಿದರು. ನಲವತ್ಮೂರು ಕಡೆ 'ದೃಷ್ಟಿ ತಾಗಿದೆ' ಎಂದಿತ್ತು.

'ಏನ್ರೀ ಇದು?' ಎಂದು ಕೋಣೆಗೆ ಕರೆಸಿ ಕೇಳಿದರು. 'ಇದು ಲ್ಯಾಬೋ, ಮಾಟ ಮಂತ್ರದ ಅಂಗಡಿನೋ? ತುಣುಕಿಗೆ ಯಾರ ಕಣ್ಣು ಬಿತ್ತು? ನನ್ನದಾ?'

'ಕಿರಣದ್ದು ಮೇಡಂ. ನಾವು ನೋಡ್ತಾ ನೋಡ್ತಾ ಅಂಟು ಪೆಡಸಾಗುತ್ತೆ. ತಮಾಷೆಗೆ ಹಾಗೆ ಬರೆದೆ.'

'ಸೊಟ್ಟ ನಿಲ್ಲಿಸಿ ಕಿರಣದ ಮೇಲೆ ಹಾಕ್ತೀರಾ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ.' ಅವರು ರಿಜಿಸ್ಟರನ್ನು ಮುಚ್ಚಿದರು. 'ಒಂದನೇ ತಾರೀಖಿನಿಂದ ಸ್ಟೋರಿಗೆ ಹೋಗಿ. ಸಂಬಳ ಏನೂ ಕಮ್ಮಿಯಾಗಲ್ಲ. ಈ ಮೇಜಿಗೆ ಬೇರೆಯವರನ್ನ ಹಾಕ್ತೀನಿ.'

ಸ್ಟೋರೆಂದರೆ ಕೈಗವಸು ಎಣಿಸುವ ಕೆಲಸ, ಬಾಟಲಿಗೆ ಚೀಟಿ ಅಂಟಿಸುವ ಕೆಲಸ. ಸಂಬಳ ಕಮ್ಮಿಯಾಗದಿದ್ದರೆ ಆಯಿತೇ? ಚಿಮಟದಕ್ಕನಿಗೆ ಮೈಯೆಲ್ಲ ಉರಿಯಿತು. ಸೊಟ್ಟ ನಿಲ್ಲಿಸಿದಳು ಎಂಬ ಮಾತು ಅವಳಿಗೆ ಬೈಗುಳಕ್ಕಿಂತ ಕೀಳಾಗಿ ಕೇಳಿಸಿತು. ಕೈ ನಡುಗುವುದಿಲ್ಲ ಎನ್ನುವುದೊಂದೇ ಅವಳು ಬದುಕಿನಲ್ಲಿ ಗಳಿಸಿಕೊಂಡ ಮರ್ಯಾದೆ. ಆದರೂ ದನಿ ಏರಿಸಲಿಲ್ಲ.

'ಹೋಗ್ತೀನಿ ಮೇಡಂ. ಅದಕ್ಕೆ ಮೊದಲು ಹನ್ನೆರಡು ತುಣುಕು ಒತ್ತೋಕೆ ಅವಕಾಶ ಕೊಡಿ. ಆರು ನೋಡ್ತಾ, ಆರು ನೋಡದೆ. ಯಾವುದನ್ನ ನೋಡಬೇಕು ಅಂತ ನೀವೇ ಚೀಟಿ ಎತ್ತಿಸಿ. ನಾನು ಸೊಟ್ಟ ನಿಲ್ಲಿಸೋಳಾದ್ರೆ ಎರಡು ಕಡೆನೂ ಒಂದೇ ಥರ ಮುರೀಬೇಕು, ಅಲ್ವಾ?'

ಮುಖ್ಯಸ್ಥೆ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. ಖಾರದ ಹೆಂಗಸೇ ಹೊರತು ಮೊಂಡಿಯಲ್ಲ. 'ಮೂವತ್ತನೇ ತಾರೀಖು, ಬೆಳಿಗ್ಗೆ ಒಂಬತ್ತಕ್ಕೆ' ಎಂದರು. ಎಂಟು ದಿನ ಉಳಿದಿತ್ತು.

ಮನೆಯಲ್ಲಿ ಸುದ್ದಿ ಹೇಳಿದಾಗ ಗಂಡ, 'ಸ್ಟೋರಾದ್ರೆ ಆಯ್ತು ಬಿಡು, ಕಣ್ಣಿಗಾದ್ರೂ ವಿಶ್ರಾಂತಿ' ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅವಳು ಅವನನ್ನು ನೋಡಿದ ನೋಟಕ್ಕೆ ಅವನು ತಟ್ಟೆ ಎತ್ತಿಕೊಂಡು ಒಳಗೆ ಹೋದ. ಅತ್ತೆ ಮಾತ್ರ ಕೂತಲ್ಲೇ ಗೊಣಗಿದರು. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಅವಳಪ್ಪನ ಅಂಗಡೀಲೂ ಹೀಗೇ ಇದ್ದಳಂತೆ. ಗಡಿಯಾರ ಸರಿ ಇದೆ, ನಿಮ್ಮ ಟೈಮೇ ಸರಿ ಇಲ್ಲ ಅಂತ ಗಿರಾಕಿಗಳಿಗೆ ಹೇಳೋಳಂತೆ.' ಆಮೇಲೆ ಬೆಂಕಿಪೊಟ್ಟಣ ತಂದು ಸೊಸೆಯ ಮುಂದಿಟ್ಟರು. 'ಏಳಿದೆ. ಸಾಲದಿದ್ರೆ ಹೇಳು, ಇನ್ನೊಂದೆರಡು ಕೀಳ್ತೀನಿ.' ಚಿಮಟದಕ್ಕನಿಗೆ ಅಳು ಬಂತು. ನಗು ಬಂದವಳಂತೆ ಮುಖ ತಿರುಗಿಸಿದಳು.

ಎಂಟು ದಿನವೂ ಅವಳು ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋದಳು. ಹನ್ನೆರಡೂ ತುಣುಕು ಒಂದೇ ಬಟ್ಟಲಿನ ಅಂಟಿನಿಂದ ಬರಬೇಕು, ಇಲ್ಲದಿದ್ದರೆ ನಾಳೆ ಅದೇ ನೆಪವಾಗುತ್ತದೆ. ಗುಳ್ಳೆ ಏಳದಂತೆ ಅಂಟನ್ನು ನಲವತ್ತು ನಿಮಿಷ ನಿಧಾನವಾಗಿ ತಿರುವಿದಳು. ಗಾಳಿ ತೆಗೆಯುವ ಗಾಜಿನ ಜಾಡಿಯಲ್ಲಿಟ್ಟು ಕಾದಳು. ಮೊದಲ ಬಟ್ಟಲಿನ ಒಂದು ಮೂಲೆ ಮಂಜಾಗಿ ಕಂಡಿತು. ಬೇರೆಯವರಾದರೆ ಮೂಲೆ ಬಿಟ್ಟು ನಡುವಿನಿಂದ ಕತ್ತರಿಸುತ್ತಿದ್ದರು. ಅವಳು ಬಟ್ಟಲನ್ನೇ ಎಸೆದು ಎರಡು ದಿನ ಕಳೆದುಕೊಂಡು ಮತ್ತೆ ಸುರಿದಳು.

ಸಹಾಯಕ್ಕೆ ನಿಂತವಳು ಗಣಿತದವಳು. ತುಣುಕು ಎಷ್ಟು ಭಾರಕ್ಕೆ ಬಳುಕಬೇಕೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ, ಮೂವತ್ತು ದಾಟಿದ ಹೆಣ್ಣುಮಗಳು. ಅವಳ ಲೆಕ್ಕಕ್ಕೂ ಮೇಜಿನ ಫಲಿತಾಂಶಕ್ಕೂ ಐದು ವರ್ಷದಿಂದ ಎಣ್ಣೆ ಸೀಗೆಕಾಯಿ. ಸುತ್ತಲಿನ ಅಂಟು ಎಳೆಯನ್ನು ಎರಡು ಕಡೆಯಿಂದ ಹಿಡಿದುಕೊಂಡಿರುತ್ತದೆ, ಹಾಗಾಗಿ ಅದು ಬಳುಕಬೇಕೇ ಹೊರತು ಹಾಗೆ ಮುರಿಯಬಾರದು ಎಂದು ಅವಳ ಲೆಕ್ಕ ಹೇಳುತ್ತಿತ್ತು. ಆರನೇ ದಿನ ಅವಳು ಹಳೆಯ ರಿಜಿಸ್ಟರನ್ನು ತಿರುವಿ ಹಾಕುತ್ತ ಮೆಲ್ಲಗೆ ಅಂದಳು:

'ಅಕ್ಕಾ, ಒಂದು ಮಾತು. ನೀವು ಹೇಳೋದೇ ನಿಜ ಅಂತಾದ್ರೆ ಮೊದಲ ಎರಡು ವರ್ಷದ್ದು ಏನಾಗುತ್ತೆ? ಒಂದರಿಂದ ಇನ್ನೂರ ಹನ್ನೆರಡರವರೆಗೆ. ಅವನ್ನೂ ನೋಡ್ತಾನೇ ಒತ್ತಿದ್ದಲ್ವಾ?'

ಚಿಮಟದಕ್ಕನ ಕೈ ಮೊದಲ ಸಲ ನಿಂತಿತು. ಆ ಇನ್ನೂರ ಹನ್ನೆರಡರ ಮೇಲೇ ಲೇಖನ ನಿಂತಿತ್ತು. ಎರಡು ವರ್ಷದ ಆಯುಷ್ಯ, ಪ್ರತಿ ಸಾಲಿನ ಕೊನೆಗೂ ಅವಳ ಸಹಿ. ಆಗ ಎಷ್ಟು ಹೊತ್ತು ಕಿರಣ ಹಚ್ಚಿದ್ದರೆಂದು ಎಲ್ಲೂ ಬರೆದಿರಲಿಲ್ಲ. ಹಳೆಯ ಮುಖ್ಯಸ್ಥರನ್ನು ಬಿಟ್ಟರೆ ಗೊತ್ತಿದ್ದವಳು ಅವಳೊಬ್ಬಳೇ.

'ಮೊದಲು ಮೂವತ್ತನೇ ತಾರೀಖು ಬರಲಿ' ಎಂದಳು.

ಆ ದಿನ ಒಂಬತ್ತಕ್ಕೆ ಮುಖ್ಯಸ್ಥೆ ಬಂದಾಗ ಚಿಮಟದಕ್ಕ ಕುರ್ಚಿಯೊಂದನ್ನು ಚಿತ್ರದ ಪರದೆಗೆ ಬೆನ್ನು ಮಾಡಿ ಇಟ್ಟಿದ್ದಳು. ಎದುರಿಗೆ ಗೆರೆಯ ಪರದೆ ಮಾತ್ರ.

'ನೀವು ಇಲ್ಲಿ ಕೂತ್ಕೊಳ್ಳಿ ಮೇಡಂ. ಕಿರಣ ಇದೆಯೋ ಇಲ್ವೋ ನಿಮಗೆ ಗೊತ್ತಾಗಬಾರದು. ಗೆರೆ ನೋಡಿ ವಾಪಸು ಬಂತು, ಬರಲಿಲ್ಲ, ಅಷ್ಟೇ ಹೇಳಿ. ಇವಳು ಬರ್ಕೋತಾಳೆ' ಎಂದು ಗಣಿತದವಳ ಕಡೆ ಕೈ ತೋರಿಸಿದಳು.

'ನನ್ನನ್ನೇ ಕುರುಡಿ ಮಾಡ್ತೀರಾ?'

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ ಮೇಡಂ' ಎಂದು ಗಣಿತದವಳು ನಡುವೆ ಬಾಯಿ ಹಾಕಿದಳು. ಮುಖ್ಯಸ್ಥೆ ಅವಳನ್ನು ಕೆಕ್ಕರಿಸಿ ನೋಡಿ ಕೂತರು. ಹನ್ನೆರಡು ಚೀಟಿಯನ್ನು ಅವರೇ ಕಲಸಿದರು, ಬಿಚ್ಚಿ ನೋಡಿದವಳು ಗಣಿತದವಳು. ಚೀಟಿಯಲ್ಲಿ 'ನೋಡು' ಎಂದಿದ್ದರೆ ಚಿಮಟದಕ್ಕ ಮೂರು ನಿಮಿಷ ಕಿರಣ ಹಚ್ಚಿ, ಹಚ್ಚಿಕೊಂಡೇ ಒತ್ತಬೇಕು. 'ಬೇಡ' ಎಂದಿದ್ದರೆ ಮೊನೆ ಸರಿಯಾದ ಜಾಗಕ್ಕೆ ಬಂದಿದೆಯೇ ಎಂದು ಎರಡು ಸೆಕೆಂಡು ಇಣುಕಿ, ಕಿರಣ ಆರಿಸಿ, ಮೂರು ನಿಮಿಷ ಸುಮ್ಮನಿದ್ದು ಒತ್ತಬೇಕು.

ಮೊದಲನೆಯದು, 'ಬರಲಿಲ್ಲ.' ಎರಡನೆಯದು, 'ಬಂತು.' ಮೂರನೆಯದು, 'ಬಂತು.' ಮುಖ್ಯಸ್ಥೆಯ ದನಿಯಲ್ಲಿ ಏನೂ ಇರಲಿಲ್ಲ. ನಾಲ್ಕನೆಯದು ಕಿರಣವಿಲ್ಲದ್ದು. ಚಿಮಟದಕ್ಕ ಕತ್ತಲ ಪರದೆಯ ಮುಂದೆ ಉಸಿರು ಹಿಡಿದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದಳು.

'ಬರಲಿಲ್ಲ' ಎಂದರು ಮುಖ್ಯಸ್ಥೆ.

ಗಣಿತದವಳು ತಲೆ ತಗ್ಗಿಸಿ ಬರೆದುಕೊಂಡಳು. ನೋಡದೆಯೂ ಮುರಿಯಿತೆಂದರೆ ಸೊಟ್ಟ ನಿಲ್ಲಿಸಿದೆನೇ? ಇಷ್ಟು ವರ್ಷ ನಾನೇ ಸುಳ್ಳು ಹೇಳಿಕೊಂಡೆನೇ ಎಂದುಕೊಂಡಳು ಚಿಮಟದಕ್ಕ. ಕೈ ಬೆವರಿತು. ಅವಳು ಎದ್ದು ನಲ್ಲಿಯಲ್ಲಿ ಕೈ ತೊಳೆದು, ಒರೆಸಿ, ಬೆರಳು ಆರುವವರೆಗೆ ಕಾದು, ಮತ್ತೆ ಬಂದು ಕೂತಳು. ಆಗುವುದು ಆಗಲಿ, ಇನ್ನೂ ಎಂಟಿದೆ ಎಂದು ಹಲ್ಲು ಕಚ್ಚಿದಳು. ಮಧ್ಯಾಹ್ನ ಒಂದೂವರೆಗೆ ಹನ್ನೆರಡನೆಯದು ಮುಗಿಯಿತು. ನಡುವೆ ಯಾರೂ ಊಟದ ಸುದ್ದಿ ಎತ್ತಲಿಲ್ಲ.

ಗಣಿತದವಳು ಚೀಟಿಗಳನ್ನು ಸಾಲಾಗಿ ಜೋಡಿಸಿದಳು. ನೋಡಿದ ಆರರಲ್ಲಿ ಐದು ಮುರಿದಿದ್ದವು, ಆರನೆಯದು ಬಗ್ಗಿ ಹಾಗೆಯೇ ಉಳಿದಿತ್ತು. ನೋಡದ ಆರರಲ್ಲಿ ಐದು ವಾಪಸು ಬಂದಿದ್ದವು, ಅದೂ ಅವಳು ಲೆಕ್ಕ ಹಾಕಿದ ಭಾರಕ್ಕೆ ಹತ್ತಿರ ಹತ್ತಿರವೇ ಬಳುಕಿ. ಮುಖ್ಯಸ್ಥೆ ಎದ್ದು ಬಂದು ನಾಲ್ಕನೆಯ ತುಣುಕನ್ನು ಯಂತ್ರದಲ್ಲಿ ತಾವೇ ದೊಡ್ಡದು ಮಾಡಿ ನೋಡಿದರು. ಮುರಿದಲ್ಲಿ ಒಂದು ಗಾಳಿಗುಳ್ಳೆ ಇತ್ತು. ಮಿಕ್ಕ ಹನ್ನೊಂದು ತುಣುಕಿನ ಬುಡವನ್ನೂ ಒಂದೊಂದಾಗಿ ನೋಡಿದರು. ಪರದೆಗೆ ಅಂಚುಪಟ್ಟಿ ಹಿಡಿದು ನೆಟ್ಟಗಿವೆಯೇ ಎಂದು ಪರೀಕ್ಷಿಸಿದರು. ಒಂದೂ ಸೊಟ್ಟಗಿರಲಿಲ್ಲ.

'ನಾನು ಹೇಳಿದ್ದು ತಪ್ಪು' ಎಂದರು. ಸುತ್ತಿ ಬಳಸದೆ ಹೇಳಿದರು, ಅದಕ್ಕೆ ಅವರಿಗೆ ಕೈ ಮುಗಿಯಬೇಕು. 'ಮೇಜು ನಿಮ್ಮದೇ. ವಿಡಿಯೋ ಕಟ್ಟಳೆ ಇವತ್ತಿಗೇ ರದ್ದು.'

ಗಣಿತದವಳು ಚಪ್ಪಾಳೆ ತಟ್ಟಿಯೇ ಬಿಟ್ಟಳು. ಚಿಮಟದಕ್ಕ ಚಿಮಟವನ್ನು ಒರೆಸಿ ಡಬ್ಬಿಯಲ್ಲಿಟ್ಟಳು. ಗೆದ್ದಿದ್ದಳು. ಮನೆಗೆ ಹೋಗಿ ಅತ್ತೆಗೆ ಹೇಳಬೇಕು, ಗಂಡನಿಗೆ ಹೇಳಬೇಕು ಎಂದು ಒಂದು ಕ್ಷಣ ಹುಡುಗಿಯ ಹಾಗೆ ಅನ್ನಿಸಿತು. ಅಷ್ಟರಲ್ಲಿ ಮುಖ್ಯಸ್ಥೆ ರಿಜಿಸ್ಟರನ್ನು ಎಳೆದುಕೊಂಡು ಹಿಂದಿನ ಪುಟಗಳಿಗೆ ಹೋಗಿದ್ದರು.

'ಇನ್ನೂರ ಹದಿಮೂರರಿಂದ ಈಚೆಗೆ ನೋಡಿದ್ದಕ್ಕೆಲ್ಲ ಷರಾ ಇದೆ. ಅದಕ್ಕೆ ಹಿಂದಿನದ್ದಕ್ಕೆ ಏನೂ ಇಲ್ಲ. ಲೇಖನ ಆಗಿದ್ದು ಅವುಗಳ ಮೇಲೇನೇ ಅಲ್ವಾ? ಆಗೆಲ್ಲ ಕಿರಣ ಆರಿಸಿ ಒತ್ತಿದ್ರಾ?'

ಗಣಿತದವಳು ನೆಲ ನೋಡಿದಳು. 'ಹೂಂ' ಎಂದರೆ ಸಾಕಿತ್ತು. ಒಂದೇ ಅಕ್ಷರ. ಅಲ್ಲ ಎಂದು ಎದುರು ಹೇಳುವವರಿರಲಿಲ್ಲ, ತೋರಿಸುವ ದಾಖಲೆಯೂ ಇರಲಿಲ್ಲ. ಇಂದು ಅವಳ ಮಾತನ್ನು ಯಾರಾದರೂ ನಂಬುತ್ತಿದ್ದರು. ಅಷ್ಟು ಸುಲಭವಾಗಿ ನಂಬಿಸಬಹುದಾದ ದಿನ ಅವಳ ಬದುಕಿನಲ್ಲಿ ಹಿಂದೆ ಬಂದಿರಲಿಲ್ಲ. ಅಂಗಡಿಯ ಗೋಡೆ ಕಣ್ಣ ಮುಂದೆ ಬಂತು, ಗಿರಾಕಿಗಳಿಗೆ ಆ ಸಾಲನ್ನು ಬೆರಳಿಟ್ಟು ತೋರಿಸುವ ಗಂಡನೂ ಬಂದ.

'ಇಲ್ಲ ಮೇಡಂ. ಅವನ್ನ ಇದಕ್ಕಿಂತ ಜಾಸ್ತಿ ಹೊತ್ತು ನೋಡಿದ್ದೀವಿ. ಐದು ನಿಮಿಷ, ಹತ್ತು ನಿಮಿಷ. ಆಗ ನಂಗೆ ಗೊತ್ತಿರಲಿಲ್ಲ. ಅವಕ್ಕೂ ತಾಗಿದೆ.'

'ಇನ್ನೂರ ಹನ್ನೆರಡಕ್ಕೂ?'

'ಎಲ್ಲದಕ್ಕೂ. ವಸ್ತು ಪೆಡಸು ಅಂತ ಬರೆದಿದ್ದು ತಪ್ಪು. ಹಳೇ ಸರ್‌ಗೆ ನಾನೇ ಫೋನ್ ಮಾಡಿ ಹೇಳ್ತೀನಿ.'

ಮುಖ್ಯಸ್ಥೆ ರಿಜಿಸ್ಟರಿನ ಮೊದಲ ಪುಟಕ್ಕೆ ಹೋದರು. ಅವರಿಗೂ ಅದು ಸಿಹಿ ಸುದ್ದಿಯೇನಲ್ಲ. ಅಚ್ಚಾದ ಲೇಖನ ವಾಪಸು ತೆಗೆದುಕೊಳ್ಳುವುದೆಂದರೆ ಲ್ಯಾಬಿಗೇ ಮುಖಭಂಗ. ಕೊನೆಗೆ, 'ಅಷ್ಟನ್ನೂ ಮತ್ತೆ ಮಾಡಬೇಕು ಅಂದ್ರೆ ಎಷ್ಟು ವರ್ಷ ಬೇಕು?' ಎಂದು ಕೇಳಿದರು.

'ಎರಡು' ಎಂದಳು ಚಿಮಟದಕ್ಕ. 'ಕಣ್ಣು ಮುಚ್ಕೊಂಡು ಮಾಡಿದ್ರೆ ಒಂದೂವರೆ.'

ಹೇಳಿ, ರಿಜಿಸ್ಟರನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಅಂಚುಪಟ್ಟಿಯನ್ನು ಒಂದನೇ ನಂಬರಿನ ಮೇಲಿಟ್ಟು ಕೆಂಪು ಪೆನ್ನಿನಿಂದ ತನ್ನ ಸಹಿಯ ಸಮೇತ ಗೆರೆ ಎಳೆದಳು. ಆಮೇಲೆ ಎರಡನೆಯದಕ್ಕೆ ಎಳೆದಳು.